ಋತುಸಂಧಿ: ರಾಜಶೇಖರನ ಕಾಲವಿಭಾಗವೂ ಕತ್ತಲೆಕಾನೂ

ಕವಿಶಿಕ್ಷೆಯನ್ನು ವಿಷಯವಾಗುಳ್ಳ ಗ್ರಂಥಗಳಲ್ಲಿ ರಾಜಶೇಖರನ ಕಾವ್ಯಮೀಮಾಂಸೆಗೆ ಇರುವ ಸ್ಥಾನವು ವಿದ್ವಾಂಸರಿಗೆ ವಿದಿತವಾಗಿಯೇ ಇದೆ. ಹದಿನೆಂಟು ಅಧಿಕರಣಗಳಾಗಿ ಸಂಕಲ್ಪಿತವಾದ ಆ ಕೃತಿಯಲ್ಲಿ ನಮಗೆ ದೊರೆತಿರುವುದು ಕವಿರಹಸ್ಯವೆಂಬ ಮೊದಲನೆಯ ಅಧಿಕರಣ ಮಾತ್ರ. ಅದೂ 1916ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯ ಮೊದಲ ಕುಸುಮವಾಗಿ ಅಚ್ಚಾಗುವ ತನಕ ಬಹುಮಂದಿಯ ಕೈಗೆ ಬಂದಿರಲಿಲ್ಲ. ಅದರ 14, 15, 16ನೆಯ ಅಧ್ಯಾಯಗಳು ಕವಿಸಮಯವನ್ನೂ, 17ನೆಯದು ದೇಶವಿಭಾಗವನ್ನೂ, 18ನೆಯದು ಕಾಲವಿಭಾಗವನ್ನೂ ನಿರೂಪಿಸುತ್ತವೆ. ಪಾಠಶಾಲೆಗಳಲ್ಲಿ ಈ ಐದು ಅಧ್ಯಾಯಗಳನ್ನು ಪಟ್ಟಿಯಂತೆ ಉರುಹೊಡಿಸಿ ಮುಂದೆ ಸಾಗುವುದು ವಾಡಿಕೆ. ಅಲಂಕಾರ, ರೀತಿ, ಧ್ವನಿಗಳ ಚರ್ಚೆಗೆ ಸಲ್ಲುವ ಗೌರವ ಇವಕ್ಕೆ ಸಂದಿಲ್ಲ. ಪ್ರಕೃತ ಲೇಖನದಲ್ಲಿ ಈ ಭಾಗವನ್ನೇ ವಿಮರ್ಶೆಗೆ ಎತ್ತಿಕೊಂಡಿರುವುದಕ್ಕೆ ಒಂದು ಕಾರಣವುಂಟು.

ಈಚಿನ ಕೆಲವು ವರ್ಷಗಳಿಂದ ಹವಾಗುಣದ ಬದಲಾವಣೆಯನ್ನು ಕುರಿತ ಉಪನ್ಯಾಸಗಳಲ್ಲಿ ನಮ್ಮ ಪ್ರಾಚೀನ ಕಾವ್ಯಗಳನ್ನು ಸಾಕ್ಷಿಗೆ ಕರೆಯುವ ಪದ್ಧತಿ ಬೆಳೆದಿದೆ. ಕಾಡು, ಜೌಗು, ಹುಲ್ಲುಗಾವಲು ಮೊದಲಾದ ಜೀವಾಶ್ರಯಗಳು ಮಾರ್ಪಡುತ್ತಿರುವ ಹವಾಗುಣಕ್ಕೆ ಹೊಂದಿಕೊಳ್ಳುವಂತೆ ಮನುಷ್ಯನು ಹೇಗೆ ನೆರವಾಗತಕ್ಕದ್ದೆಂಬ ಪ್ರಶ್ನೆ ಬಂದಾಗ, ಒಂದು ಪಕ್ಷದವರು “ಎಲ್ಲವನ್ನೂ ನಮ್ಮ ಪೂರ್ವಿಕರು ಬಲ್ಲವರಾಗಿದ್ದರು, ಅವರ ಋತುವರ್ಣನೆಯನ್ನು ನೋಡಿರಿ” ಎಂದು ತೃಪ್ತರಾಗುತ್ತಾರೆ. ಮತ್ತೊಂದು ಪಕ್ಷದವರು ಕವಿಗಳ ಮಾತಿಗೆ ಪ್ರಮಾಣಗೌರವವೇ ಇಲ್ಲವೆಂದು ಗ್ರಂಥವನ್ನು ಮುಚ್ಚುತ್ತಾರೆ. ಮೊದಲನೆಯವರು ಗ್ರಂಥವನ್ನು ಓದದೆ ಹೊಗಳುವವರು, ಎರಡನೆಯವರು ಓದದೆ ತೆಗಳುವವರು ಎಂದು ನಮ್ಮ ಅಭಿಪ್ರಾಯ.

ರಾಜಶೇಖರನು ಋತುವನ್ನು ಒಂದು ಗೆರೆಯಿಂದ ಮತ್ತೊಂದು ಗೆರೆಯವರೆಗಿನ ಎರಡು ತಿಂಗಳೆಂದು ಹೇಳಿ ಮುಗಿಸುವುದಿಲ್ಲ. ಪ್ರತಿಯೊಂದು ಋತುವಿಗೂ ಸಂಧಿ, ಶೈಶವ, ಪ್ರೌಢಿ, ಅನುವೃತ್ತಿ ಎಂಬ ನಾಲ್ಕು ಅವಸ್ಥೆಗಳನ್ನು ಆತನು ಗುರುತಿಸಿರುವನು. ಎರಡು ಋತುಗಳು ಒಂದನ್ನೊಂದು ತಗಲುವ ಹೊತ್ತು ಸಂಧಿ. ಎಳೆಯದಾಗಿರುವುದು ಶೈಶವ. ತುಂಬಿ ನಿಂತಿರುವುದು ಪ್ರೌಢಿ. ಕಳೆದುಹೋದ ಋತುವಿನ ಕುರುಹು ಮುಂದಿನ ಋತುವಿನಲ್ಲಿಯೂ ಅಷ್ಟಿಷ್ಟು ಉಳಿದು ತೋರುವುದು ಅನುವೃತ್ತಿ. ಒಂದೊಂದು ಹೂವನ್ನೂ ಹಕ್ಕಿಯನ್ನೂ ಗಾಳಿಯನ್ನೂ ಈ ಅವಸ್ಥೆಗಳಲ್ಲಿಟ್ಟು ನೋಡೆಂದು ಕವಿಗೆ ಆತನ ಉಪದೇಶ. ಇಂದಿನ ಸಸ್ಯವಿಜ್ಞಾನಿಗಳು ಒಂದು ಮರವು ಚಿಗುರಿದ ದಿನ, ಮೊಗ್ಗಾದ ದಿನ, ಹೂ ನೆರೆದ ದಿನ, ಉದುರಿದ ದಿನಗಳನ್ನು ಬೇರೆಬೇರೆಯಾಗಿ ಗುರುತು ಹಾಕಿಕೊಳ್ಳುವರಷ್ಟೆ. ಅವರ ಕ್ರಮಕ್ಕೂ ಈ ವಿಭಾಗಕ್ಕೂ ಇರುವ ಸಾದೃಶ್ಯವು ಆಕಸ್ಮಿಕವಲ್ಲ. ಎರಡೂ ಗಮನವಿಟ್ಟು ನೋಡಿದ ಕಣ್ಣಿನಿಂದ ಹುಟ್ಟಿದವು.

ಆದರೆ ಅದೇ ಅಧ್ಯಾಯವು ಮುಗಿಯುವ ಹೊತ್ತಿಗೆ ಗ್ರಂಥಕರ್ತನು ತನ್ನ ಕಣ್ಣನ್ನು ತಾನೇ ಮುಚ್ಚಿಕೊಳ್ಳುತ್ತಾನೆ. ದೇಶದೇಶಗಳಲ್ಲಿ ಪದಾರ್ಥಗಳ ಸ್ವರೂಪವು ವ್ಯತ್ಯಾಸವಾಗಿ ಕಾಣುವುದು ನಿಜವೆಂದೂ, ಆದರೂ ಕವಿಯು ಹಾಗೆ ವರ್ಣಿಸಲಾಗದೆಂದೂ, ಹಿಂದಿನ ಕವಿಗಳು ವರ್ಣಿಸಿದ್ದನ್ನೇ ಪ್ರಮಾಣವಾಗಿ ಹಿಡಿಯತಕ್ಕದ್ದೆಂದೂ ಆತನ ನಿರ್ಣಯ. ಇದನ್ನು ಹದಿನಾಲ್ಕನೆಯ ಅಧ್ಯಾಯದ ಕವಿಸಮಯ ಲಕ್ಷಣದೊಡನೆ ಸೇರಿಸಿ ಓದಬೇಕು. ವೇದಶಾಸ್ತ್ರಗಳನ್ನು ಅವಗಾಹಿಸಿ, ದೇಶಾಂತರ ದ್ವೀಪಾಂತರಗಳಲ್ಲಿ ಸಂಚರಿಸಿ ಪೂರ್ವವಿದ್ವಾಂಸರು ಕಂಡು ಬರೆದ ಅರ್ಥಗಳು ದೇಶಕಾಲಗಳ ಭೇದದಿಂದ ಬೇರೆಯಾಗಿಹೋದರೂ, ಅವನ್ನು ಮೊದಲಿದ್ದಂತೆಯೇ ವರ್ಣಿಸುವುದು ಕವಿಸಮಯವೆಂದು ಆತನ ವಿವರಣೆ. ಈ ಮಾತಿನ ತೂಕವನ್ನು ವ್ಯಾಖ್ಯಾತೃಗಳು ಅರಿತಂತೆ ತೋರುವುದಿಲ್ಲ. ಕವಿಸಮಯವೆಂದರೆ ಕವಿಗಳ ಸುಳ್ಳೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ರಾಜಶೇಖರನ ಪ್ರಕಾರ ಅದು ಒಂದಾನೊಂದು ಕಾಲದ ಪ್ರತ್ಯಕ್ಷ. ಲೋಕವು ಮುಂದೆ ಸರಿಯಿತು. ವರ್ಣನೆಯು ಇದ್ದಲ್ಲಿಯೇ ನಿಂತಿತು.

ಕಾವ್ಯದಲ್ಲಿ ಇದರಿಂದ ಹಾನಿಯಿಲ್ಲ, ಲಾಭವೇ ಉಂಟು. ಸಹೃದಯನಿಗೆ ಚಾತಕವೆಂದೊಡನೆ ಮೇಘವು ಸ್ಫುರಿಸಬೇಕಾದರೆ ಸಂಕೇತವು ಸ್ಥಿರವಾಗಿರಬೇಕಷ್ಟೆ. (ಚಾತಕವು ಮಳೆಯ ಹನಿಯೊಂದನ್ನೇ ಕುಡಿಯುವುದೆಂಬುದು ಹಾಗಿರಲಿ. ಉತ್ತರ ಮತ್ತು ಮಧ್ಯ ಭಾರತಕ್ಕೆ ಅದು ಮುಂಗಾರಿನೊಡನೆ ಆಫ್ರಿಕದ ಕಡೆಯಿಂದ ಬರುವುದೆಂದು ಪಕ್ಷಿಶಾಸ್ತ್ರಜ್ಞರ ಮತ. ತೆಂಕಣ ನಾಡುಗಳಲ್ಲಿ ನೆಲೆನಿಂತ ಚಾತಕಗಳೂ ಉಂಟು. ಹರಟೆಮಲ್ಲನ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವ ಈ ಹಕ್ಕಿಯ ವ್ರತನಿಷ್ಠೆಯನ್ನು ಹೆಚ್ಚು ಕೆದಕದಿರುವುದೇ ಒಳ್ಳೆಯದು.) ಹಾನಿ ಒದಗುವುದು ಕವಿಸಮಯದ ಬುದ್ಧಿಯು ಕಾವ್ಯವನ್ನು ಬಿಟ್ಟು ಕಾಡಿನ ಆಡಳಿತಕ್ಕೆ ಇಳಿದಾಗ.

ಒಂದು ಉದಾಹರಣೆಯಿಂದ ಇದು ವಿಶದವಾದೀತು. ಚಂದನವನ್ನು ಮಲಯಪರ್ವತದಲ್ಲಿಯೇ ವರ್ಣಿಸಬೇಕೆಂಬುದು ನಿಯಮ. ಚಂದನಕ್ಕೆ ಹೂವನ್ನಾಗಲಿ ಹಣ್ಣನ್ನಾಗಲಿ ಹೇಳಕೂಡದೆಂಬುದು ನಿಷೇಧ. ಮೈಸೂರು ಸೀಮೆಯ ಕುರುಚಲು ಕಾಡುಗಳಲ್ಲಿ ಶ್ರೀಗಂಧವನ್ನು ಕಂಡವರಿಗೆ ಮೊದಲನೆಯದು ನಗೆ ತರಿಸುತ್ತದೆ. ಎರಡನೆಯದನ್ನು ಮಾತ್ರ ತುಸು ಆಲೋಚಿಸಬೇಕು. ಶ್ರೀಗಂಧದ ಮರವು ಹೂ ಬಿಟ್ಟು ಕರಿಯ ಹಣ್ಣನ್ನು ತಳೆಯುತ್ತದೆ. ಆ ಹಣ್ಣನ್ನು ತಿಂದ ಹಕ್ಕಿಗಳೇ ಅದರ ಬೀಜವನ್ನು ದೂರಕ್ಕೆ ಒಯ್ಯುವುವು. ಹಣ್ಣಿಲ್ಲದ ಚಂದನವು ಮಲಯವನ್ನು ಬಿಟ್ಟು ಕದಲಲಾರದು! ಹೀಗೆ ಒಂದು ನಿಯಮವು ಮರವನ್ನು ಬೆಟ್ಟಕ್ಕೆ ಕಟ್ಟಿತು, ಇನ್ನೊಂದು ಅದರ ಕಾಲನ್ನು ಕತ್ತರಿಸಿತು. ಬಿಸಿಲು ಏರಿದಂತೆ, ಮಳೆಯು ಜಾಗ ಬದಲಿಸಿದಂತೆ, ಜೀವಜಾತಿಗಳು ತಂಪನ್ನು ಅರಸಿ ಮೇಲಕ್ಕೋ ಬಡಗಣಕ್ಕೋ ಸರಿಯುವುದೇ ಅವುಗಳ ಮುಖ್ಯವಾದ ಆತ್ಮರಕ್ಷೆ. ನಕಾಶೆಯಲ್ಲಿ ಬಣ್ಣ ಬಳಿದು “ಇದು ಇಂಥ ಜಾತಿಯ ನೆಲೆ” ಎಂದು ಶಾಶ್ವತವಾಗಿ ಬರೆದಿಡುವ ಅಧಿಕಾರಿಯು ತನಗರಿಯದೆಯೇ ರಾಜಶೇಖರನ ಶಿಷ್ಯನಾಗಿದ್ದಾನೆ. 2011ರಿಂದ 2020ರವರೆಗಿನ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣತೆಯು 1850ರಿಂದ 1900ರವರೆಗಿನ ಕಾಲಕ್ಕಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು. 2024ನೆಯ ವರ್ಷವೊಂದರಲ್ಲೇ ಆ ಹೆಚ್ಚಳವು 1.5 ಡಿಗ್ರಿಯನ್ನು ದಾಟಿತು. ನೆಲವೇ ಸರಿಯುತ್ತಿರುವಾಗ ಗೆರೆಯನ್ನು ಕಾಯುವುದರಿಂದ ಏನು ಫಲ?

ಇನ್ನು ಕಾವ್ಯಗಳನ್ನು ಸಾಕ್ಷಿಗೆ ಕರೆಯುವ ವಿಷಯ. ಇದರಲ್ಲಿ ಎರಡು ಎಡರುಗಳಿವೆ. ಕವಿಸಮಯವೆಂಬ ಎಡರನ್ನು ಹೇಳಿಯಾಯಿತು. ಎರಡನೆಯದು ಪಂಚಾಂಗದ್ದು, ಅದನ್ನು ಸಾಹಿತ್ಯವಿಮರ್ಶಕರು ಸಾಮಾನ್ಯವಾಗಿ ಗಣನೆಗೆ ತಾರರು. ನಮ್ಮ ಮಾಸಗಣನೆಯು ನಿರಯಣ. ಋತುಗಳಾದರೋ ಸಾಯನ ಸೂರ್ಯನನ್ನು ಅನುಸರಿಸುವುವು. ಅಯನಚಲನದಿಂದ ಇವೆರಡರ ನಡುವೆ ಸುಮಾರು 70 ವರ್ಷಗಳಿಗೆ ಒಂದು ದಿನದಂತೆ ಅಂತರವು ಬೆಳೆಯುತ್ತದೆ. ಡಿಸೆಂಬರ್ 21 ಅಥವಾ 22ರಂದು ಆಗುವ ಉತ್ತರಾಯಣವನ್ನು ನಾವು ಜನವರಿ 14 ಅಥವಾ 15ರಂದು ಆಚರಿಸುವುದು ಇದರಿಂದಲೇ. ರಾಜಶೇಖರನು ಕ್ರಿ. ಶ. ಹತ್ತನೆಯ ಶತಮಾನದ ಆದಿಯವನು. ಆತನ ಕಾಲದ ಚೈತ್ರಕ್ಕೂ ನಮ್ಮ ಚೈತ್ರಕ್ಕೂ ಸೂರ್ಯಗತಿಯಲ್ಲಿ ಹದಿನೈದು ದಿನಗಳಿಗೂ ಮಿಕ್ಕ ಭೇದವಿದೆ. ಹವಾಗುಣವು ಎಳ್ಳಷ್ಟೂ ಕದಲದಿದ್ದರೂ ಆಗ ಚೈತ್ರದ ನಡುವೆ ಅರಳುತ್ತಿದ್ದ ಹೂವು ಈಗ ಫಾಲ್ಗುಣದ ಕೊನೆಗೇ ಅರಳಿದಂತೆ ಲೆಕ್ಕಕ್ಕೆ ಬರುತ್ತದೆ. ಇದನ್ನು ಕಳೆಯದೆ “ನೋಡಿರಿ, ಹೂವು ಅರ್ಧ ತಿಂಗಳು ಮುಂದಾಯಿತು” ಎಂದು ಸಭೆಯಲ್ಲಿ ಘೋಷಿಸಿದರೆ, ಅದು ಸೂರ್ಯಸಿದ್ಧಾಂತವನ್ನು ಓದದವನ ಅಜ್ಞಾನವಾದೀತೇ ಹೊರತು ಭೂಮಿಯ ತಾಪಕ್ಕೆ ಸಾಕ್ಷಿಯಾಗದು. ತಾಪವು ಏರಿರುವುದು ಸತ್ಯ. ಸತ್ಯಕ್ಕೆ ತಪ್ಪು ಹೇತುವನ್ನು ಕೊಡುವುದು ಹೇತ್ವಾಭಾಸವೇ ಸರಿ.

ಜಪಾನ್ ದೇಶದ ಕ್ಯೋಟೊ ನಗರದಲ್ಲಿ ಬೇರೊಂದು ಸಂಪ್ರದಾಯವಿತ್ತು. ಅಲ್ಲಿಯ ಅರಮನೆಯವರೂ ಭಿಕ್ಷುಗಳೂ ತಮ್ಮ ದಿನಚರಿಗಳಲ್ಲಿ ಚೆರ್ರಿ ಹೂವಿನ ಉತ್ಸವದ ದಿನವನ್ನು ಒಂಬತ್ತನೆಯ ಶತಮಾನದಿಂದ ಗುರುತಿಸುತ್ತ ಬಂದರು. ಯಸುಯುಕಿ ಅಓನೊ ಎಂಬ ವಿದ್ವಾಂಸರು ಆ ದಿನಚರಿಗಳನ್ನೂ ವೃತ್ತಾಂತಗಳನ್ನೂ ಪದ್ಯಗಳನ್ನೂ ಸೋಸಿ, ತಿಥಿಗಳನ್ನು ಸೂರ್ಯಮಾನಕ್ಕೆ ತಿರುಗಿಸಿ, ಒಂದು ಸಾವಿರದ ಇನ್ನೂರು ವರ್ಷಗಳ ಮಾಲೆಯನ್ನು ಕಟ್ಟಿದರು. 2021ರಲ್ಲಿ ಹೂವು ಮಾರ್ಚ್ 26ಕ್ಕೇ ತುಂಬಿ ಅರಳಿದುದು ಆವರೆಗಿನ ಮಾಲೆಯಲ್ಲಿಯೇ ಎಲ್ಲಕ್ಕಿಂತ ಮುಂಚಿನದಾಗಿತ್ತು. ನಮ್ಮಲ್ಲಿ ಸೂಕ್ಷ್ಮದೃಷ್ಟಿಗೆ ಕೊರತೆಯಿರಲಿಲ್ಲ. ದಿನಾಂಕ ಹಾಕುವ ಅಭ್ಯಾಸಕ್ಕೆ ಕೊರತೆಯಿತ್ತು. ಸಂಧಿ, ಶೈಶವಗಳನ್ನು ವಿಂಗಡಿಸಿದ ಆಚಾರ್ಯನು ಒಂದೇ ಒಂದು ಅಶೋಕದ ಮರವನ್ನು ಹತ್ತು ವರ್ಷ ನೋಡಿ ಬರೆದಿಟ್ಟಿದ್ದರೆ ಇಂದು ಅದರ ಬೆಲೆಯನ್ನು ಕಟ್ಟಲಾಗುತ್ತಿರಲಿಲ್ಲ.

ಕನ್ನಡಕ್ಕೆ ಬರೋಣ. ಹನ್ನೆರಡನೆಯ ಶತಮಾನದ ನಾಗವರ್ಮನು ಕಾವ್ಯಾವಲೋಕನದ ಕೊನೆಯ ಅಧಿಕರಣವನ್ನೇ ಕವಿಸಮಯಕ್ಕೆ ಮೀಸಲಿಟ್ಟಿರುವುದರಿಂದ ಈ ಶಾಸನವು ನಮ್ಮ ಕವಿಗಳ ಮೇಲೂ ನಡೆಯಿತೆಂಬುದು ಸ್ಪಷ್ಟ. ಅದಕ್ಕೆ ಮುಂಚೆ, ಕ್ರಿ. ಶ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ಬರೆದ ಪಂಪನ ನಡೆ ಹೇಗೆ? ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನು ಬನವಾಸಿಗೆ ಬಂದಾಗ ಕವಿಯು ಆ ದೇಶವನ್ನು ಕೊಂಡಾಡುವ ಪದ್ಯಗಳು ಕನ್ನಡಿಗರೆಲ್ಲರಿಗೂ ಪರಿಚಿತವಾದವು. ಅಲ್ಲಿ ಮಾಮರವಿದೆ, ಹೂತ ಜಾತಿಯಿದೆ, ಸಂಪಗೆಯಿದೆ, ಕೋಗಿಲೆಯಿದೆ, ತುಂಬಿಯಿದೆ. ಜಾತಿಯೂ ಮಾಲತಿಯೂ ಒಂದೇ ಎಂದು ಅಮರಸಿಂಹನ ಪರ್ಯಾಯಮಾಲೆಯಿಂದ ತಿಳಿಯುತ್ತದೆ. ವಸಂತದಲ್ಲಿ ಮಾಲತಿಯನ್ನು ಹೇಳಲಾಗದೆಂದು ಕವಿಸಮಯ. ಕೋಗಿಲೆಯ ದನಿಯನ್ನು ವಸಂತದಲ್ಲಿಯೇ ಹೇಳಬೇಕೆಂಬುದೂ ಕವಿಸಮಯ. ಇವೆರಡನ್ನೂ ಪಂಪನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಾನೆ! ಕವಿಯು ಇಲ್ಲಿ ಯಾವ ಋತುವನ್ನೂ ಹೆಸರಿಸದೆ ವರ್ಷದ ಎಲ್ಲ ಸೊಬಗನ್ನೂ ಒಟ್ಟುಗೂಡಿಸಿದ್ದಾನೆಂದು ಸಮಾಧಾನ ಹೇಳಬಹುದು. ಆ ಸಮಾಧಾನವು ಅಸಾಧುವಲ್ಲ. ಆದರೆ ಬೆನ್ನಲ್ಲಿಯೇ ತೆಂಕಣ ಗಾಳಿಯೂ ಬಿರಿದ ಮಲ್ಲಿಗೆಯೂ ವಸಂತೋತ್ಸವದ ನೆನಪೂ ಬರುವುದರಿಂದ, ಕವಿಯ ಮನಸ್ಸಿನಲ್ಲಿ ವಸಂತವೇ ಇದ್ದಿತೆಂದು ನಮಗೆ ತೋರುತ್ತದೆ. ತಾನು ಕಂಡ ನಾಡಿನಲ್ಲಿ ಹೂವು ಅರಳಿದ್ದರೆ ಅರಳಿತೆಂದು ಹೇಳಲು ಆತನು ಅಂಜಲಿಲ್ಲ.

ಪಂಪನಿಗೂ ಒಂದು ಮಿತಿಯುಂಟು. ಅದನ್ನು ಮರೆಸುವುದು ಭಕ್ತಿಯಾದೀತೇ ವಿನಾ ವಿಮರ್ಶೆಯಾಗದು. ಈ ಪದ್ಯಗಳಲ್ಲಿ ಬರುವುದೆಲ್ಲ ನಂದನವನದ ಗಿಡಬಳ್ಳಿಗಳು. ಬನವಾಸಿಯಿಂದ ಪಡುವಣಕ್ಕೆ, ಸಿದ್ದಾಪುರ ತಾಲ್ಲೂಕಿನ ಘಟ್ಟದಂಚಿಗೆ ಹೋದರೆ ಸಿಕ್ಕುವ ಕಾನುಗಳ ಮರವೊಂದೂ ಅಲ್ಲಿಲ್ಲ. ಮಂಗಟ್ಟೆ ಹಕ್ಕಿಯಿಲ್ಲ, ಸಿಂಗಳೀಕವಿಲ್ಲ. ಸುಮಾರು 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದದ ಪ್ರಕರಣವಿದ್ದರೂ ಅದು ತೋಟದ ಶಾಸ್ತ್ರವೇ ಹೊರತು ಕಾಡಿನ ಶಾಸ್ತ್ರವಲ್ಲ. ಕಾನನ್ನು ಬಲ್ಲವರು ಗ್ರಂಥ ಬರೆಯಲಿಲ್ಲ. ಗ್ರಂಥ ಬರೆದವರು ಕಾನಿನೊಳಕ್ಕೆ ಹೋಗಲಿಲ್ಲ.

ಆ ಕಾನುಗಳಲ್ಲಿ ಒಂದಕ್ಕೆ ಕತ್ತಲೆಕಾನೆಂದೇ ಹೆಸರು. ಬೇಸಗೆಯಲ್ಲಿಯೂ ಬತ್ತದ ಹಳ್ಳಗಳ ಪಕ್ಕದ ಜೌಗುನೆಲದಲ್ಲಿ ಜಾತೀಫಲದ ವಂಶಕ್ಕೆ ಸೇರಿದ ಮರಗಳು ಇಲ್ಲಿ ನಿಂತಿವೆ. ಕೆಸರಿನಲ್ಲಿ ಉಸಿರಾಡುವುದಕ್ಕಾಗಿ ಕೆಲವು ಮರಗಳ ಬೇರುಗಳು ಮೊಣಕಾಲಿನಂತೆ ಮಡಿಸಿ ನೆಲದಿಂದ ಮೇಲೇಳುತ್ತವೆ. ಕೆಲವಕ್ಕೆ ಕಾಂಡದಿಂದ ಊರುಗೋಲಿನಂತೆ ಬೇರು ಇಳಿಯುತ್ತದೆ. ಇದು ಬಹು ಪುರಾತನವಾದ ಮರಗಳ ವಂಶ. ಹೆಚ್ಚು ತೇವದ ಒಂದು ಯುಗವು ಕಳೆದ ಮೇಲೆ ಅದರ ಕುರುಹು ಈ ಕಣಿವೆಗಳಲ್ಲಿ ಮಾತ್ರ ಉಳಿದಿದೆ. ರಾಜಶೇಖರನ ಅನುವೃತ್ತಿ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ದೊರೆಯಲಾರದು. ಭಲ್ಲಾತಕದ ಕುಲದ ಒಂದು ಹೊಸ ಮರವನ್ನು ಇಲ್ಲಿಂದಲೇ ಶಾಸ್ತ್ರಜ್ಞರು 2000ದಲ್ಲಿ ವರ್ಣಿಸಿ, ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ತೆಂಕಣ ಕೇರಳಕ್ಕೇ ಸೀಮಿತವೆಂದು ಎಣಿಸಿದ್ದ ಮಧೂಕ ಜಾತಿಯ ಒಂದು ಮರವೂ ಜಂಬೂ ಜಾತಿಯ ಒಂದು ಮರವೂ ಈ ಶತಮಾನದ ಮೊದಲ ದಶಕದಲ್ಲಿ ಈ ಸೀಮೆಯಲ್ಲಿ ಕಂಡುಬಂದುವು. ಚಂದನವು ಮಲಯದಲ್ಲಿಯೇ ಎಂಬಂಥ ನಿಯಮವು ವಿಜ್ಞಾನದಲ್ಲಿಯೂ ಮುರಿದುಬಿದ್ದಿತು. ಆದರೆ ವಿಜ್ಞಾನವು ತನ್ನ ಪಟ್ಟಿಯನ್ನು ಒಡನೆಯೇ ತಿದ್ದಿಕೊಂಡಿತು ಎಂಬುದು ಗಮನಾರ್ಹ.

ಇಂಥ ಕಾಡು ಹವಾಗುಣಕ್ಕೆ ಹೊಂದಿಕೊಳ್ಳಬೇಕೆಂದರೆ ಏನಾಗಬೇಕು? ಈ ಮರಗಳ ಬೀಜವು ಒಣಗಿದರೆ ಸತ್ತುಹೋಗುತ್ತದೆ. ಕಣಜದಲ್ಲಿ ಕೂಡಿಟ್ಟು ಮುಂದೆಂದೋ ಬಿತ್ತುವಂತಿಲ್ಲ. ಜಾಪತ್ರೆಯ ಆಸೆಗೆ ಬರುವ ಮಂಗಟ್ಟೆಯಂಥ ದೊಡ್ಡ ಹಕ್ಕಿಯು ಅದನ್ನು ಒಯ್ದು ಮತ್ತೊಂದು ತೇವದ ನೆಲದಲ್ಲಿ ಬೀಳಿಸಬೇಕು. ಆ ಮತ್ತೊಂದು ತೇವದ ನೆಲವು ಇರಬೇಕು. ಆದರೆ ಕಣಿವೆಯ ತೇವದ ನೆಲವೇ ಗದ್ದೆಗೂ ಅಡಕೆಯ ತೋಟಕ್ಕೂ ಮೆಚ್ಚಿನ ನೆಲ. ತಲೆಮಾರುಗಳಿಂದ ಹಳ್ಳಗಳನ್ನು ತಿರುಗಿಸಿ ತೋಟ ಮಾಡಿಕೊಂಡು ಬಂದಿರುವುದರಿಂದ ಜೌಗುಗಳು ಹರಿದ ಸರದ ಮಣಿಗಳಂತೆ ಚೆದುರಿಹೋಗಿವೆ. ಮಳೆಯ ದಿನಗಳು ಕಡಮೆಯಾಗಿ, ಸುರಿದರೆ ಒಮ್ಮೆಗೇ ಸುರಿದು, ಬೇಸಗೆಯ ಹರಿವು ಸೊರಗಿದರೆ ಈ ಮರಗಳಿಗೆ ಹೋಗಲು ದಾರಿಯಿಲ್ಲ. ಆದ್ದರಿಂದ ಇಲ್ಲಿ ನೆರವೆಂದರೆ ಹಳ್ಳದ ಮೇಲಣ ಕಾಡನ್ನು ಉಳಿಸಿ ನೀರನ್ನು ಬೇಸಗೆಯವರೆಗೆ ಹಿಡಿಸುವುದು, ಒಂದು ಕಾನಿಗೂ ಮತ್ತೊಂದಕ್ಕೂ ನಡುವೆ ಹಕ್ಕಿಗೂ ಸಿಂಗಳೀಕಕ್ಕೂ ಮರದ ದಾರಿಯನ್ನು ಬಿಡಿಸುವುದು, ಕೆಟ್ಟ ಜೌಗುಗಳಲ್ಲಿ ಆಯಾ ಜಾತಿಯ ಸಸಿಗಳನ್ನೇ ಬೆಳೆಸಿ ನೆಡುವುದು. ಸಿರಸಿಯ ಅರಣ್ಯ ಮಹಾವಿದ್ಯಾಲಯದ ವಿದ್ವಾಂಸರು ಈ ಕೊನೆಯ ಕೆಲಸಕ್ಕೆ ಕೈಹಚ್ಚಿದವರು. 2011ರಲ್ಲಿ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರು ಕಾಡನ್ನು ಸಿಂಗಳೀಕದ ಹೆಸರಿನಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ಇದು ಊರವರನ್ನು ಎಬ್ಬಿಸದೆ ಕಾಡನ್ನು ಕಾಯುವ ವರ್ಗದ್ದು.

ಊರವರ ಮಾತು ಬಂದುದರಿಂದ ಒಂದನ್ನು ಹೇಳಬೇಕು. 1801ರಲ್ಲಿ ಕನ್ನಡ ಜಿಲ್ಲೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ಆಂಗ್ಲ ಸರಕಾರದ ವೈದ್ಯನು, ಕಾಡು ಗ್ರಾಮದೇವತೆಯ ಸ್ವತ್ತು, ಅಪ್ಪಣೆಯಿಲ್ಲದೆ ಮರ ಕಡಿಯಲಾಗದು ಎಂದು ಅಲ್ಲಿಯವರು ಹೇಳಿದ್ದನ್ನು ಬರೆದುಕೊಂಡನು. ಸರಕಾರವು ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಹೂಡಿದ ಉಪಾಯವಿರಬೇಕೆಂದೂ ಶಂಕಿಸಿದನು. ಶಂಕೆ ನಿಜವೇ ಇದ್ದರೂ ಇರಲಿ. ಉಪಾಯದಿಂದ ಉಳಿದ ಮರವೂ ಮರವೇ.

ಇನ್ನು ಪದವಿಚಾರ. ಈ ವಿಷಯದ ಕನ್ನಡ ಬರಹಗಳಲ್ಲಿ “ಹೊಂದಾಣಿಕೆ” ಎಂಬ ಶಬ್ದವು ರೂಢವಾಗಿದೆ. ಹೊಂದು ಎಂಬ ಧಾತುವಿಗೆ ಕೊಳ್ಳು ಸೇರಿದರೆ ಹೊಂದಿಕೊಳ್ಳು. ಕ್ರಿಯೆಯೂ ಫಲವೂ ಕರ್ತೃವಿನಲ್ಲಿಯೇ ನಿಲ್ಲುತ್ತವೆ. ಇಸು ಪ್ರತ್ಯಯ ಸೇರಿದರೆ ಹೊಂದಿಸು. ಆಗ ಪ್ರೇರಕನು ಬೇರೆ. ಹೊಂದಾಣಿಕೆಯೆಂಬ ಭಾವನಾಮದಲ್ಲಿ ಈ ಭೇದವು ಅಳಿಸಿಹೋಗುತ್ತದೆ. “ಅರಣ್ಯದ ಹೊಂದಾಣಿಕೆ” ಎಂದರೆ ಅರಣ್ಯವು ತಾನಾಗಿ ಹೊಂದಿಕೊಳ್ಳುವುದೋ, ಅರಣ್ಯವನ್ನು ಯಾರೋ ತಮಗೆ ಬೇಕಾದಂತೆ ಹೊಂದಿಸುವುದೋ? ಮಲೆನಾಡಿನ ಗುಡ್ಡಗಳ ಮೇಲೆ ಸಾಲಾಗಿ ಅಕೇಶಿಯಾ ನೆಟ್ಟು ಹಸುರು ಹೆಚ್ಚಿತೆಂದು ಲೆಕ್ಕ ಬರೆಯುವುದು ಎರಡನೆಯ ಅರ್ಥದಲ್ಲಿ ಹೊಂದಾಣಿಕೆಯೇ! ವೈಯಾಕರಣರು ಪ್ರೇರಣಾರ್ಥದಲ್ಲಿ ಪ್ರಯೋಜಕ, ಪ್ರಯೋಜ್ಯರೆಂದು ಇಬ್ಬರು ಕರ್ತೃಗಳನ್ನು ಹೇಳುವರು. ಪ್ರಯೋಜ್ಯನೂ ಕರ್ತೃವೇ, ಆತನಿಗೆ ಸ್ವಂತ ವ್ಯಾಪಾರವುಂಟು. ಗುರುವು ಓದಿಸಿದರೂ ಓದುವವನು ಶಿಷ್ಯನೇ ಆಗಿರಬೇಕಲ್ಲವೆ? ಕಾಡನ್ನು ಪ್ರಯೋಜ್ಯಕರ್ತೃವಾಗಿ ಎಣಿಸದೆ ಬರಿಯ ಕರ್ಮವಾಗಿ ಎಣಿಸುವ ವಾಕ್ಯರಚನೆಯು ವ್ಯಾಕರಣಕ್ಕೂ ಸಲ್ಲದು, ಕಾಡಿಗೂ ಒಗ್ಗದು.

2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್ ನಗರದಲ್ಲಿ ನಾನಾ ರಾಷ್ಟ್ರಗಳು ಅಂಗೀಕರಿಸಿದ ಜೀವವೈವಿಧ್ಯ ನಿರ್ಣಯವನ್ನು ಈ ದೃಷ್ಟಿಯಿಂದ ಪರೀಕ್ಷಿಸಬಹುದು. ಅದರ 23 ಗುರಿಗಳಲ್ಲಿ ಎಂಟನೆಯದು ಹವಾಗುಣಕ್ಕೆ ಸಂಬಂಧಿಸಿದ್ದು. ಹವಾಗುಣದ ಪೆಟ್ಟನ್ನು ತಗ್ಗಿಸುವುದರ ಜೊತೆಗೆ, ಹವಾಗುಣಕ್ಕಾಗಿ ಮಾಡುವ ಕೆಲಸಗಳೇ ಜೀವರಾಶಿಗೆ ಕೆಡುಕಾಗದಂತೆ ನೋಡಬೇಕೆಂಬ ಎಚ್ಚರಿಕೆಯನ್ನು ಅದು ಒಳಗೊಂಡಿದೆ. ಅಕೇಶಿಯಾ ಪ್ರಿಯರು ಇದನ್ನು ಎರಡು ಸಲ ಓದತಕ್ಕದ್ದು. ಮೂರನೆಯ ಗುರಿಯಂತೆ 2030ರೊಳಗೆ ನೆಲಜಲಗಳ ಶೇಕಡಾ 30ನ್ನು ಕಾಪಾಡಬೇಕು, ಹಾಗೆ ಕಾಪಾಡಿದ ತಾಣಗಳು ಒಂದಕ್ಕೊಂದು ಕೂಡಿಕೊಂಡಿರಬೇಕು. ಸಭೆಗಳಲ್ಲಿ 30 ಎಂಬ ಅಂಕಿಯೇ ಮೊಳಗುತ್ತದೆ. ಕೂಡಿಕೊಂಡಿರಬೇಕೆಂಬ ವಿಶೇಷಣವು ಯಾರ ಕಿವಿಗೂ ಬೀಳದು. ಕತ್ತಲೆಕಾನಿನ ದೃಷ್ಟಿಯಿಂದ ಅಂಕಿಗಿಂತ ಆ ವಿಶೇಷಣಕ್ಕೇ ಬೆಲೆ ಹೆಚ್ಚು.

ಕೊನೆಗೆ ಗ್ರಂಥಸಂಪಾದಕರಲ್ಲಿ ಒಂದು ವಿಜ್ಞಾಪನೆ. ಪ್ರಾಚೀನ ಕನ್ನಡ ಕಾವ್ಯಗಳ ಋತುವರ್ಣನೆಗಳನ್ನು ಇನ್ನು ಮುಂದೆ ಅಚ್ಚು ಹಾಕಿಸುವಾಗ ಪ್ರತಿಯೊಂದು ಗಿಡದ, ಹಕ್ಕಿಯ ಹೆಸರಿಗೂ ಅದು ಕವಿಸಮಯಪ್ರಾಪ್ತವೋ ಸ್ವದೃಷ್ಟವೋ ಎಂದು ಟಿಪ್ಪಣಿಯಲ್ಲಿ ತಿಳಿಸಲಿ. ಮಾಸವನ್ನು ಹೇಳಿದಲ್ಲಿ ಕವಿಯ ಕಾಲದ ಅಯನಾಂಶವನ್ನು ಕಳೆದು ಸೂರ್ಯಮಾನದ ದಿನವನ್ನು ಕೊಡಲಿ. ಗಿಡಗಳ ಹೆಸರನ್ನು ಗೊತ್ತುಮಾಡುವಾಗ ನಿಘಂಟೊಂದನ್ನೇ ನಂಬದೆ ಆಯಾ ಸೀಮೆಯ ಕಾಡು ಬಲ್ಲವರನ್ನು ಕೇಳಲಿ. ಸಿದ್ದಾಪುರದ ಕಡೆಯ ಮುದುಕರು ರಾಮಪತ್ರೆಯನ್ನೂ ಅದರ ದಾಯಾದಿಗಳನ್ನೂ ತೊಗಟೆಯ ಗಾಯದಿಂದ ಒಸರುವ ಕೆಂಪು ರಸದಿಂದಲೇ ಗುರುತಿಸಬಲ್ಲರು. ಪಂಪನ ಬನವಾಸಿಯ ಪದ್ಯಗಳಿಂದ ಈ ಕೆಲಸವನ್ನು ಆರಂಭಿಸಬಹುದು. ಅಲ್ಲಿಯ ಜಾತಿಯು ಈಗಲೂ ಕೋಗಿಲೆ ಕೂಗುವ ದಿನಗಳಲ್ಲಿಯೇ ಅರಳುತ್ತದೆಯೋ ಎಂಬುದನ್ನು ಬನವಾಸಿಯ ಒಂದು ಹಿತ್ತಲಲ್ಲಿ ಕೆಲವು ವರ್ಷ ದಿನಾಂಕ ಹಾಕಿ ನೋಡಿದರೆ ಮೊದಲನೆಯ ಟಿಪ್ಪಣಿ ಸಿದ್ಧವಾಗುತ್ತದೆ.